ಪರ್ಣಶಾಲೆಯ ಹಬ್ಬ

2025ರ ಜ್ಯೇಷ್ಠದಲ್ಲಿ ನನ್ನ ಅವ್ವ ತೀರಿಕೊಂಡಳು. ಹಾಗಾಗಿ ಆ ವರ್ಷ ನಮ್ಮ ಮನೆಗೆ ಹಬ್ಬವಿರಲಿಲ್ಲ. ವರ್ಷಾಂತಿಕ ಮುಗಿಯುವ ತನಕ ಬಾಗಿಲಿಗೆ ತೋರಣವಿಲ್ಲ, ಒಲೆಯ ಮೇಲೆ ಕರಿಯುವ ಎಣ್ಣೆಯಿಲ್ಲ, ಹೋಳಿಗೆಯ ಮಾತಂತೂ ಇಲ್ಲವೇ ಇಲ್ಲ. ನಾಗರ ಪಂಚಮಿ ಓಣಿಯಲ್ಲೆಲ್ಲ ಜೋಕಾಲಿ ಕಟ್ಟಿ ನಮ್ಮ ಮನೆಯೊಂದನ್ನು ಬಿಟ್ಟು ಮುಂದೆ ಹೋಯಿತು. ಗಣಪತಿಯೂ ಹಾಗೆಯೇ ಬಂದು ಹೋದ. ಜಲನಗರದ ನಮ್ಮ ನೆರೆಹೊರೆಯವರು ಒಳ್ಳೆಯ ಜನ; ಹಬ್ಬ ಹಬ್ಬಕ್ಕೂ ತಾಟಿನ ಮೇಲೆ ಅರಿವೆ ಮುಚ್ಚಿ ಉಂಡಿ, ಕಡಬು ಕಳಿಸಿದರು. ಆದರೆ ಹಾಗೆ ಬಂದ ಸಿಹಿಗೆ ಒಂದು ಬಗೆಯ ಸಂಕೋಚದ ರುಚಿ ಇರುತ್ತದೆ. ಅದನ್ನು ತಿಂದವರೇ ಬಲ್ಲರು.

ದಸರೆಯ ದಿನ ಓಣಿಯ ಹುಡುಗರು ಬನ್ನಿ ಕೊಡಲು ಬಂದು, ನಮ್ಮ ಬಾಗಿಲಲ್ಲಿ ಒಂದು ಕ್ಷಣ ತಡೆದು, ಮುಂದಿನ ಮನೆಗೆ ಹೋದರು. ಒಂಬತ್ತು ವರ್ಷದ ನನ್ನ ಮಗಳು ಕಟ್ಟೆಯ ಮೇಲೆ ಕುಳಿತು ಅದನ್ನು ನೋಡಿದಳು.

“ಅಪ್ಪಾ, ಆಯಿ ಇದ್ದಾಗ ಹಬ್ಬ ಮಾಡ್ರಿ, ಹಬ್ಬ ಮಾಡ್ರಿ ಅಂತ ಆಕೀನೇ ಗಂಟು ಬೀಳ್ತಿದ್ಲು. ಈಗ ಆಕೀ ಸಲುವಾಗೇ ಹಬ್ಬ ಬ್ಯಾಡಂದ್ರ ಆಕೀಗಿ ಸಿಟ್ಟು ಬರೂದಿಲ್ಲೇನು?”

ನಾನು ತರಗತಿಯಲ್ಲಿ ರಸಪ್ರಕರಣವನ್ನು ಪಾಠ ಮಾಡುವವನು. ಆದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಒಂದು ಸಂಗತಿ ಹೊಳೆದು ಮನಸ್ಸು ಇನ್ನಷ್ಟು ಮಂಕಾಯಿತು. ಭರತನ ಎಣಿಕೆಯಲ್ಲಿ ಶೋಕವು ಸ್ಥಾಯಿಭಾವ. ಹರ್ಷವಾದರೋ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಒಂದು, ಬರುವುದು, ಹೋಗುವುದು. ನಮ್ಮ ಅಲಂಕಾರಶಾಸ್ತ್ರವೇ ಸಂತೋಷಕ್ಕೆ ಸ್ವಂತ ಮನೆಯನ್ನು ಕೊಡದೆ ಅತಿಥಿಯೆಂದು ಎಣಿಸಿರುವಾಗ ನಾನು ಹುಡುಗಿಗೆ ಏನೆಂದು ಹೇಳಲಿ?

ಉತ್ತರದ ಒಂದು ತುದಿ ಸಿಕ್ಕಿದ್ದು ನಮ್ಮ ಓಣಿಯ ಹಿರಿಯರೊಬ್ಬರಿಂದ. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ಮೂವತ್ತು ವರ್ಷ ಮುಂಬಯಿಯಲ್ಲಿ ನೌಕರಿ ಮಾಡಿ, ಠಾಣೆಯಲ್ಲಿ ಬಿಡಾರವಿದ್ದು, ನಿವೃತ್ತರಾದ ಮೇಲೆ ಊರು ಸೇರಿದವರು. ಮಗಳ ಮಾತನ್ನು ಅವರಿಗೆ ಹೇಳಿದೆ. ಅವರು ಅಡಕೆಯನ್ನು ಬಾಯಿಗೆ ಹಾಕಿಕೊಂಡು, “ಮಾಸ್ತರ, ಠಾಣ್ಯಾದಾಗ ನಮ್ಮ ಬಾಜೂಕ ಒಬ್ಬರು ಇಸ್ರೇಲಿ ಜನ ಇದ್ದರು. ಮರಾಠಿ ಮಾತಾಡಾವ್ರು. ಅವರ ಮನ್ಯಾಗ ಒಬ್ಬರು ಸತ್ತು ನಾಲ್ಕು ದಿನಕ್ಕ ಹಬ್ಬ ಬಂತು. ನಾ ತಿಳದೆ, ಇವರು ಈ ಸಲ ಹಬ್ಬ ಮಾಡೂದಿಲ್ಲ ಅಂತ. ಮಾಡಿದರಪಾ! ದುಃಖ ಬಿಟ್ಟು ಎದ್ದು ಮಾಡಿದರು. ಕೇಳಿದ್ರ, ಹಬ್ಬದ ಆಜ್ಞೆ ದುಃಖಕ್ಕಿಂತ ದೊಡ್ಡದು ಅಂದರು,” ಎಂದರು.

ಇದು ನನಗೆ ಹೊಸದು. ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕಷ್ಟನ್ನು ಹುಡುಕಿ ಓದಿದೆ. ಕಾಕಾ ಹೇಳಿದ್ದು ನಿಜ. ಯೆಹೂದ್ಯರಲ್ಲಿ ಹತ್ತಿರದವರು ತೀರಿಕೊಂಡರೆ ಏಳು ದಿನ ನೆಲದ ಮೇಲೋ ತಗ್ಗಾದ ಮಣೆಯ ಮೇಲೋ ಕುಳಿತು ಶೋಕವನ್ನು ಆಚರಿಸುತ್ತಾರೆ. ಆದರೆ ಆ ಏಳು ದಿನಗಳ ನಡುವೆ ದೊಡ್ಡ ಹಬ್ಬ ಬಂದರೆ ಉಳಿದ ದಿನಗಳು ರದ್ದಾಗುತ್ತವೆ. ಅಳುತ್ತಿರುವವನು ಎದ್ದು ಹಬ್ಬಕ್ಕೆ ಕೂಡಬೇಕು. ಊರಿಗೆ ಊರೇ ಸಂತೋಷಪಡುವ ಹೊತ್ತಿನಲ್ಲಿ ಒಬ್ಬನ ಬಾಗಿಲು ಮುಚ್ಚಿರಬಾರದು ಎಂಬುದು ಅದರ ಹಿಂದಿನ ನ್ಯಾಯ. ನಮ್ಮ ಪದ್ಧತಿಗೆ ಇದು ತೀರ ತಿರುಗು ಮುರುಗು. ಯಾವುದು ಸರಿ ಎಂದು ಹೇಳಲು ನಾನು ಶಾಸ್ತ್ರಿಯಲ್ಲ. ಅಗಲಿದವರಿಗಾಗಿ ಒಂದು ವರ್ಷ ಸಿಹಿಯನ್ನು ಬಿಡುವುದರಲ್ಲಿಯೂ ಒಂದು ಗಾಂಭೀರ್ಯವುಂಟು. ಅದನ್ನು ಹಗುರವಾಗಿ ನೋಡುವವನು ನಾನಲ್ಲ.

ಕಾಕಾ ಹೇಳಿದ ಹಬ್ಬದ ಹೆಸರು ಸುಕ್ಕೋತ್. ಸುಕ್ಕಾ ಎಂದರೆ ಗುಡಿಸಲು. ಕನ್ನಡ ಬೈಬಲ್ಲನ್ನು ಮಾಡಿದವರು ಇದಕ್ಕೆ ಪರ್ಣಶಾಲೆ ಎಂಬ ಶಬ್ದವನ್ನು ಹಿಡಿದರು. ಎಂಥ ಸೊಗಸಾದ ಆಯ್ಕೆ! ಪರ್ಣಶಾಲೆ ಎಂದೊಡನೆ ಕನ್ನಡಿಗನ ಕಣ್ಣ ಮುಂದೆ ಪಂಚವಟಿ ಬಂದು ನಿಲ್ಲುತ್ತದೆ. ಅರಮನೆಯನ್ನು ಬಿಟ್ಟವರು ಕಾಡಿನಲ್ಲಿ ಸುಖವಾಗಿದ್ದ ಆ ಕೆಲವು ದಿನಗಳು ಬಂದು ನಿಲ್ಲುತ್ತವೆ. ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಹೊರಟ ಪೂರ್ವಜರು ಮರಳುಗಾಡಿನಲ್ಲಿ ಗುಡಿಸಲುಗಳಲ್ಲಿ ಬಾಳಿದ ನೆನಪಿಗಾಗಿ ಈ ಹಬ್ಬ. ಅವರ ತಿಶ್ರಿ ಮಾಸದ ಹುಣ್ಣಿಮೆಗೆ ಮೊದಲಾಗಿ ಏಳು ದಿನ ನಡೆಯುತ್ತದೆ. ಅದೇ ತಿಂಗಳ ಮೊದಲ ದಿನ ಹೊಸ ವರ್ಷ. ಹತ್ತನೆಯ ದಿನ ಕಠಿಣ ಉಪವಾಸ ಮತ್ತು ಪ್ರಾಯಶ್ಚಿತ್ತ. ಅಷ್ಟೆಲ್ಲ ಭಯಭಕ್ತಿಗಳು ಮುಗಿದ ನಾಲ್ಕೇ ದಿನಕ್ಕೆ ಗಟ್ಟಿ ಮನೆಯನ್ನು ಬಿಟ್ಟು ಅಂಗಳದ ಗುಡಿಸಲಿನಲ್ಲಿ ಊಟಕ್ಕೆ ಕೂರುತ್ತಾರೆ. ಅವರ ಪ್ರಾರ್ಥನೆಗಳಲ್ಲಿ ಪ್ರತಿ ಹಬ್ಬಕ್ಕೂ ಒಂದೊಂದು ಬಿರುದುಂಟು. ಇದಕ್ಕಿರುವ ಬಿರುದು ‘ನಮ್ಮ ಸಂತೋಷದ ಕಾಲ’ ಎಂದು. ಧರ್ಮೋಪದೇಶಕಾಂಡವಂತೂ ಸಂತೋಷಪಡಬೇಕೆಂದು ಇಲ್ಲಿ ಅಪ್ಪಣೆಯನ್ನೇ ಕೊಡಿಸುತ್ತದೆ. ಮನೆಯವರು ಮಾತ್ರವಲ್ಲ, ಆಳು, ಪರದೇಶಿ, ತಾಯಿತಂದೆಯಿಲ್ಲದ ಮಗು, ವಿಧವೆ ಎಲ್ಲರೂ ಆ ಸಂತೋಷದೊಳಗೆ ಇರತಕ್ಕದ್ದು.

ನಾನು ಮೊದಲು ನಕ್ಕೆ. ಸಂತೋಷಪಡು ಎಂದು ಯಾರಾದರೂ ಅಪ್ಪಣೆ ಮಾಡಬಲ್ಲರೆ? ‘ನಗ್ರಿ, ನಗ್ರಿ’ ಎಂದು ಛಾಯಾಚಿತ್ರ ತೆಗೆಯುವವನು ಒತ್ತಾಯಿಸಿದಾಗ ನಮ್ಮ ಮುಖಗಳು ಹೇಗಿರುತ್ತವೆಂಬುದನ್ನು ಮದುವೆಯ ಪಟಗಳಲ್ಲಿ ನೋಡಬಹುದು. ಆದರೆ ಓದುತ್ತ ಹೋದಂತೆ ಇವರ ಅಪ್ಪಣೆ ಮುಖಕ್ಕಲ್ಲ, ಕೈಗೆ ಎಂದು ತಿಳಿಯಿತು. ಗುಡಿಸಲು ಕಟ್ಟು, ಮಕ್ಕಳಿಗೆ ತಿನಿಸು ಕೊಡು, ಹೆಂಡತಿಗೆ ಹೊಸ ಬಟ್ಟೆ ತಾ, ಇಲ್ಲದವನನ್ನು ಕರೆದು ಉಣಿಸು. ಮನಸ್ಸು ಬೇಕಾದರೆ ಹಿಂದಿನಿಂದ ಬರಲಿ. ನಮ್ಮ ಬಸವಣ್ಣನವರ ಶತಮಾನದಲ್ಲಿಯೇ ಬಾಳಿದ ಮೈಮೊನಿಡೀಸ್ ಎಂಬ ಅವರ ಮಹಾಪಂಡಿತ ಈ ವಿಷಯದಲ್ಲಿ ಬಹು ಖಾರವಾಗಿ ಬರೆದಿದ್ದಾನೆ. ಹಬ್ಬದ ದಿನ ಕದವನ್ನು ಹಾಕಿಕೊಂಡು ಹೆಂಡತಿ ಮಕ್ಕಳೊಡನೆ ಮಾತ್ರ ಉಂಡು, ಬಡವರಿಗೆ ಉಣಿಸದವನ ಸಂತೋಷವು ಧರ್ಮದ ಸಂತೋಷವಲ್ಲ, ಅವನ ಹೊಟ್ಟೆಯ ಸಂತೋಷ ಎಂಬುದು ಅವನ ಅಭಿಪ್ರಾಯ. ಕಲ್ಯಾಣದಲ್ಲಿ ದಾಸೋಹ ನಡೆಯುತ್ತಿದ್ದ ಕಾಲಕ್ಕೇ ಸರಿಸುಮಾರಾಗಿ ಈಜಿಪ್ಟಿನಲ್ಲಿ ಕುಳಿತವನೊಬ್ಬ ಈ ಮಾತನ್ನು ಹೇಳಿದನೆಂಬುದು ವಿಜಾಪುರದವನಾದ ನನಗೆ ವಿಶೇಷವಾಗಿ ಹಿಡಿಸಿತು.

ಗುಡಿಸಲಿನ ನಿಯಮಗಳೂ ಕುತೂಹಲಕರವಾಗಿವೆ. ಸೂರಿಗೆ ಹೊದಿಸುವುದು ನೆಲದಲ್ಲಿ ಬೆಳೆದು ಕಡಿದದ್ದಾಗಿರಬೇಕು. ಗರಿಯೋ ಸೊಪ್ಪೋ ದಂಟೋ ಆದೀತು, ತಗಡು, ಬಟ್ಟೆ ಆಗದು. ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ರಾತ್ರಿ ಸಂದಿನಿಂದ ನಕ್ಷತ್ರ ಕಾಣುವಂತಿದ್ದರೆ ಒಳ್ಳೆಯದು. ಮರದ ಕೆಳಗೆ ಅಥವಾ ಇನ್ನೊಂದು ಮಾಡಿನ ಕೆಳಗೆ ಕಟ್ಟಿದ್ದು ಸಲ್ಲದು. ಉಣ್ಣುವ ಅಂಬಲಿ ಕೆಡುವಷ್ಟು ಮಳೆ ಬಂದರೆ ಮಾತ್ರ ಎದ್ದು ಮನೆಯೊಳಗೆ ಹೋಗಬಹುದು. ಒಟ್ಟಿನಲ್ಲಿ ಸೋರುವಂತೆಯೇ ಕಟ್ಟಬೇಕು! ಮನುಷ್ಯ ತನ್ನ ಭದ್ರವಾದ ಮಾಳಿಗೆಯನ್ನು ಬಿಟ್ಟು, ಸೋರುವ ಸೂರಿನ ಕೆಳಗೆ ಕುಳಿತು, ಇದೇ ನನ್ನ ಸಂತೋಷದ ಕಾಲ ಎನ್ನಬೇಕು. ಆ ದಿನಗಳಲ್ಲಿಯೇ ಅವರಲ್ಲಿ ಹಲವರು ಓದುವ ಪವಿತ್ರ ಪುಸ್ತಕ ಯಾವುದೆಂದುಕೊಂಡಿರಿ? ಕನ್ನಡ ಬೈಬಲ್ಲಿನಲ್ಲಿ ‘ಪ್ರಸಂಗಿ’ ಎಂದು ಹೆಸರಾದದ್ದು. ದುಡಿತ, ಐಶ್ವರ್ಯ, ವಿದ್ಯೆ ಎಲ್ಲವೂ ವ್ಯರ್ಥವೆಂದು ಸಾರುತ್ತ, ಆದರೂ ಉಣ್ಣು, ಕುಡಿ, ಮಾಡುವ ಕೆಲಸದಲ್ಲಿ ಸುಖವನ್ನು ಕಾಣು ಎಂದು ನಡುನಡುವೆ ಹೇಳುವ ಪುಸ್ತಕ.

ಈ ಏಳು ದಿನ ಕೈಯಲ್ಲಿ ಹಿಡಿಯುವ ನಾಲ್ಕು ವಸ್ತುಗಳಲ್ಲಿ ಮೂರು ಎಲೆ, ರೆಂಬೆಗಳು. ಖರ್ಜೂರದ ಗರಿಯೂ ಅದರಲ್ಲಿ ಸೇರಿದೆ. ನಾಲ್ಕನೆಯದು ಹಣ್ಣು: ನಮ್ಮ ಮಾದಲ. ಸಸ್ಯಶಾಸ್ತ್ರಜ್ಞರು ಅದರ ತವರನ್ನು ಭಾರತದ ಈಶಾನ್ಯದ ಬೆಟ್ಟಗಳ ಸೀಮೆಯಲ್ಲಿ ಗುರುತಿಸುತ್ತಾರೆ. ಅಲ್ಲಿಂದ ಪರ್ಶಿಯಾದ ಮೇಲೆ ಹಾದು ಆ ನಾಡನ್ನು ಸೇರಿತು. ಸಂಸ್ಕೃತದಲ್ಲಿ ಅದೇ ಮಾತುಲುಂಗ. ನಮ್ಮ ಕಡೆಯ ಎಷ್ಟೋ ಮನೆತನಗಳ ಕುಲದೇವತೆಯಾದ ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದೂ ಅದೇ ಹಣ್ಣು.

ಕಾಕಾನ ನೆರೆಯವರ ಬಗೆಗೆ ಎರಡು ಮಾತು ಹೇಳಬೇಕು. ಅವರು ಬೆನೆ ಇಸ್ರೇಲ ಪಂಗಡದವರು. ಅಲಿಬಾಗದ ಹತ್ತಿರ ನವಗಾಂವ ಎಂಬಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಂಡೆ ಸೇರಿದರೆಂದು ಅವರ ಐತಿಹ್ಯ. ಕೊಂಕಣದಲ್ಲಿ ಗಾಣ ತಿರುಗಿಸಿ ಬಾಳಿದರು. ಶನಿವಾರ ಗಾಣ ಹೂಡದ್ದರಿಂದ ಜನ ಅವರನ್ನು ‘ಶನಿವಾರ ತೇಲಿ’ ಎಂದರು. 1636ರ ಒಪ್ಪಂದದ ಮೇಲೆ ಕೊಂಕಣದ ಆ ಸೀಮೆ ನಮ್ಮ ಆದಿಲಶಾಹಿಗೆ ಸೇರಿತಾದ್ದರಿಂದ ಕೆಲವು ಕಾಲ ಅವರೂ ನಾವೂ ಒಂದೇ ದೊರೆಯ ಪ್ರಜೆಗಳು. ಪುಸ್ತಕಗಳನ್ನು ಕಳೆದುಕೊಂಡು, ಹೀಬ್ರೂ ಭಾಷೆಯನ್ನು ಮರೆತರೂ ಕೆಲವು ಹಬ್ಬಗಳನ್ನು ಮರಾಠಿ ಹೆಸರಿನಲ್ಲಿ ಉಳಿಸಿಕೊಂಡಿದ್ದರು. ಆ ಪಂಗಡದವರೇ ಆದ ಹಾಯೀಮ್ ಸಾಮ್ಯುಯೆಲ್ ಕೇಹಿಮಕರರು 1897ರಲ್ಲಿ ಬರೆದ ಇತಿಹಾಸ 1937ರಲ್ಲಿ ಟೆಲ್ ಅವೀವಿನಲ್ಲಿ ಅಚ್ಚಾಯಿತು. ಹೊಸ ವರ್ಷಕ್ಕೆ ಅವರಲ್ಲಿ ‘ನವ್ಯಾಚಾ ಸಣ’. ಮಹಾ ಉಪವಾಸದ ದಿನ ಕದವಿಕ್ಕಿ ಯಾರನ್ನೂ ಕಾಣದೆ ಇರುವುದರಿಂದ ಅದು ಬಾಗಿಲು ಮುಚ್ಚುವ ಹಬ್ಬ. ಮರುದಿನ ದಾನಧರ್ಮ, ಬಂಧುಗಳ ಭೇಟಿ. ಅದಕ್ಕೆ ‘ಶಿಳಾ ಸಣ’, ಎಂದರೆ ತಂಗಳ ಹಬ್ಬ! ಅದೇ ತಿಶ್ರಿಯಲ್ಲಿ ಹೊಸ ಧಾನ್ಯವನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಮಾಡುವ ‘ಖಿರೀಚಾ ಸಣ’. ಶಾಸ್ತ್ರವೆಲ್ಲ ಮರೆತುಹೋದಮೇಲೂ ಹೊಸ ಕಾಳಿನ ಖೀರು ಉಳಿದುಕೊಂಡಿತ್ತು. ಹರಕೆ ತೀರಿದಾಗ ಪ್ರವಾದಿ ಎಲೀಯನ ಹೆಸರಿನಲ್ಲಿ ಅವರು ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ಕೊಬ್ಬರಿ, ಹಣ್ಣುಗಳ ತಾಟನ್ನು ಇಡುತ್ತಾರೆ, ಹೆಸರು ಮಲೀದಾ. ದರ್ಗಾಗಳ ಊರಾದ ವಿಜಾಪುರದಲ್ಲಿ ಈ ಹೆಸರನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇವರಲ್ಲೊಬ್ಬನ ಕಥೆ ಕನ್ನಡ ನಾಡಿನಲ್ಲಿಯೇ ತಿರುವು ಪಡೆಯಿತು. ಕಂಪನಿಯ ಸೈನ್ಯದಲ್ಲಿದ್ದ ಸಾಮ್ಯುಯೆಲ್ ದಿವೇಕರ ಎಂಬಾತ ಮೈಸೂರಿನೊಡನೆ ನಡೆದ ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದ. ನೀನು ಯಾವ ಜಾತಿಯವನೆಂದು ಕೇಳಿದಾಗ ಬೆನೆ ಇಸ್ರೇಲ ಎಂದನಂತೆ. ಕುರಾನಿನಲ್ಲಿ ಕೇಳಿದ ಹೆಸರು ಇದೆಂದು ಟಿಪ್ಪುವಿನ ತಾಯಿ ಅವನ ಪ್ರಾಣವನ್ನು ಉಳಿಸಿದಳಂತೆ. ಇದು ಅವರ ಪರಂಪರೆಯ ಕಥೆ. ಬಿಡುಗಡೆಯಾಗಿ ಬಂದವನು 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಟ್ಟಿಸಿದ ಪ್ರಾರ್ಥನಾಮಂದಿರ ಮಾತ್ರ ಕಥೆಯಲ್ಲ. ಅದು ಇಂದಿಗೂ ಇದೆ. ಅದರ ಹೀಬ್ರೂ ಹೆಸರಿನ ಅರ್ಥ ‘ಕರುಣೆಯ ಬಾಗಿಲು’ ಎಂದು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಈ ಹಬ್ಬದಲ್ಲಿ ಹಿಂದೆ ಇದ್ದ ನೀರಿನ ಉತ್ಸವ. ಜಲನಗರ ಎಂಬ ಹೆಸರಿನ ಬಡಾವಣೆಯಲ್ಲಿದ್ದು ನಲ್ಲಿಯ ಸಪ್ಪಳಕ್ಕೆ ಕಿವಿಗೊಟ್ಟು ಬೆಳಗಾಗುವುದನ್ನು ಕಾದವರಿಗೆ ಅದು ಹಿಡಿಸದಿದ್ದರೆ ಇನ್ನಾರಿಗೆ ಹಿಡಿಸಬೇಕು? ಅವರ ನಾಡಿನಲ್ಲಿ ಬೇಸಿಗೆಯುದ್ದಕ್ಕೂ ಹನಿ ಬೀಳುವುದಿಲ್ಲ. ದ್ರಾಕ್ಷಿ, ಕಾಳು ಎಲ್ಲ ಮನೆಗೆ ಬಂದಿದೆ. ಮುಂದಿನ ಬೆಳೆಗೆ ಬೇಕಾದ ಮಳೆ ಇನ್ನೂ ಬಂದಿಲ್ಲ. ಆ ಸಂಧಿಯಲ್ಲಿ ಯೆರೂಸಲೇಮಿನ ದೇವಾಲಯದವರು ಸಿಲೋವದ ಬುಗ್ಗೆಯಿಂದ ನೀರು ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರು. ರಾತ್ರಿ ಎತ್ತರದ ದೀಪಸ್ತಂಭಗಳನ್ನು ಹೊತ್ತಿಸುತ್ತಿದ್ದರು. ಬತ್ತಿಗೆ ಪುರೋಹಿತರ ಹಳೆಯ ಉಡುಪುಗಳನ್ನು ಹರಿದು ಹೊಸೆಯುತ್ತಿದ್ದರು. ಆ ಬೆಳಕು ಊರಿನ ಅಂಗಳ ಅಂಗಳಕ್ಕೂ ಬೀಳುತ್ತಿತ್ತು. ದೊಡ್ಡ ದೊಡ್ಡ ವಿದ್ವಾಂಸರು ಪಂಜುಗಳನ್ನು ಮೇಲಕ್ಕೆಸೆದು ಹಿಡಿಯುತ್ತ ಕುಣಿಯುತ್ತಿದ್ದರು. ಹದಿನೈದು ಮೆಟ್ಟಿಲುಗಳ ಮೇಲೆ ಲೇವಿಯರು ವಾದ್ಯ ನುಡಿಸುತ್ತ ನಿಲ್ಲುತ್ತಿದ್ದರು. ಇದನ್ನು ನೋಡದವನಿಗೆ ಸಂಭ್ರಮ ಎಂದರೇನೆಂದೇ ತಿಳಿಯದು ಎಂಬರ್ಥದಲ್ಲಿ ಸುಮಾರು 200ರ ಹೊತ್ತಿಗೆ ಕೂಡಿಸಿದ ಮಿಶ್ನಾ ಎಂಬ ಅವರ ಗ್ರಂಥ ಹೇಳುತ್ತದೆ. ತುಂಬಿದ ಕೆರೆಯ ಮುಂದೆ ಅಲ್ಲ, ಮಳೆ ಬಂದೀತೋ ಇಲ್ಲವೋ ಎಂಬ ಬರಿಯ ಮುಗಿಲಿನ ಕೆಳಗೆ ಈ ಕುಣಿತ. ಕ್ರಿಸ್ತಶಕ 70ರಲ್ಲಿ ರೋಮಿನವರು ಆ ದೇವಾಲಯವನ್ನು ಕೆಡವಿದರು. ನೀರಿನ ಉತ್ಸವ ಅಲ್ಲಿಗೆ ನಿಂತಿತು. ಕಲ್ಲಿನ ಗುಡಿ ಹೋಯಿತು. ಎಲೆಯ ಗುಡಿಸಲು ಮಾತ್ರ ಹೋದ ಹೋದ ಊರಿನಲ್ಲೆಲ್ಲ ವರ್ಷ ವರ್ಷವೂ ಎದ್ದಿತು. ಸ್ಥಾವರ ಜಂಗಮಗಳ ಮಾತನ್ನು ಬಾಗೇವಾಡಿಯ ನೆಲದಲ್ಲಿ ನಿಂತು ಯೋಚಿಸುವವರಿಗೆ ಇದರ ಮೇಲೆ ನನ್ನ ಭಾಷ್ಯ ಬೇಡ.

ನಮ್ಮದೂ ನೀರನ್ನು ಕಾದ ಊರೇ. 1620ರ ತಾಜ ಬಾವಡಿ, 1651ರ ಬೇಗಂ ತಾಲಾಬ, ತೊರವಿಯಿಂದ ನೆಲದೊಳಗೇ ನೀರು ತಂದ ಕಾಲುವೆ, ಇವುಗಳನ್ನು ನೋಡಿದರೆ ಆದಿಲಶಾಹಿಯವರು ಗುಮ್ಮಟಕ್ಕೆ ಕೊಟ್ಟಷ್ಟೇ ತಲೆಯನ್ನು ಬಾವಿಗೂ ಕೊಟ್ಟಿದ್ದರೆಂದು ತೋರುತ್ತದೆ. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರು ಏರಿ ಬಂದು ಬಬಲೇಶ್ವರ, ತಿಕೋಟಾ ಕಡೆಯ ಕೆರೆಗಳು ತುಂಬಿದಾಗ ಹೆಂಗಸರು ಬಾಗಿನ ಬಿಟ್ಟದ್ದನ್ನು ನಾವೇ ನೋಡಿದ್ದೇವೆ. ಆ ಮುಖಗಳ ಮೇಲಿದ್ದುದನ್ನು ವ್ಯಭಿಚಾರಿ ಭಾವವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಸುಕ್ಕೋತಿನ ಕೊನೆಗೆ ಇನ್ನೊಂದು ಹಬ್ಬ ಅಂಟಿಕೊಂಡಿದೆ. ವರ್ಷವಿಡೀ ವಾರ ವಾರ ಓದಿದ ಧರ್ಮಗ್ರಂಥ ಅಂದು ಮುಗಿಯುತ್ತದೆ. ಮುಗಿದ ಕೂಡಲೇ ಮತ್ತೆ ಮೊದಲ ಪುಟದಿಂದ ಆರಂಭ. ಗ್ರಂಥದ ಸುರುಳಿಗಳನ್ನು ಎತ್ತಿಕೊಂಡು ಏಳು ಸುತ್ತು ಕುಣಿಯುತ್ತಾರೆ. ಶ್ರಾವಣದಲ್ಲಿ ನಮ್ಮ ಮಠಗಳ ಪುರಾಣ ಮಂಗಲವಾಗುವ ದಿನದ ಗದ್ದಲವನ್ನು ನೆನೆಸಿಕೊಂಡರೆ ಸಾಕು. ಇಸ್ರೇಲಿನಲ್ಲಿ 2023ರ ಅಕ್ಟೋಬರ 7 ಆ ಹಬ್ಬದ ದಿನವೇ ಆಗಿತ್ತು. ಅಂದು ಬೆಳಗ್ಗೆ ಹಮಾಸದ ದಾಳಿಯಲ್ಲಿ ಸುಮಾರು 1200 ಜನ ಸತ್ತರು. ಸುಮಾರು 250 ಜನರನ್ನು ಒತ್ತೆಯಾಳಾಗಿ ಒಯ್ದರು. ಅನಂತರದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅವರಲ್ಲಿ ಮಕ್ಕಳೆಷ್ಟೋ. ಮನೆ ಕಳೆದುಕೊಂಡ ಲಕ್ಷಾಂತರ ಜನ ಡೇರೆಗಳಲ್ಲಿ ದಿನ ಕಳೆದರು. ಸೋರುವ ಸೂರು ಅವರ ಪಾಲಿಗೆ ಹಬ್ಬವಾಗಿರಲಿಲ್ಲ. ಮರುವರ್ಷ ಅದೇ ತಿಥಿ ಬಂದಾಗ ಕುಣಿಯಬೇಕೆ, ಬೇಡವೆ ಎಂಬ ಪ್ರಶ್ನೆ ಯೆಹೂದ್ಯರ ಊರೂರಿನಲ್ಲಿ ಎದ್ದಿತು. ಅಪ್ಪಣೆಯಿಂದ ಎಲ್ಲ ಕಣ್ಣೀರೂ ಒರೆಸಿಹೋಗುವುದಿಲ್ಲ. ಇದನ್ನು ಬರೆಯದೆ ಬಿಟ್ಟಿದ್ದರೆ ನನ್ನ ಲೇಖನ ಸಿಹಿಯಾಗಿರುತ್ತಿತ್ತು, ಪ್ರಾಮಾಣಿಕವಾಗಿರುತ್ತಿರಲಿಲ್ಲ.

ಅವರ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ನೋಡಿ ತಿಂಗಳನ್ನೂ ಸೂರ್ಯನನ್ನು ನೋಡಿ ವರ್ಷವನ್ನೂ ಎಣಿಸುವಂಥದು. ನಮ್ಮ ಅಧಿಕ ಮಾಸದಂತೆ 19 ವರ್ಷಕ್ಕೆ 7 ಸಲ ಒಂದು ತಿಂಗಳನ್ನು ಕೂಡಿಸಿಕೊಳ್ಳುತ್ತಾರೆ. ಹಾಗಾಗಿ ಎಷ್ಟೋ ಸಲ ಅವರ ಗುಡಿಸಲ ಹುಣ್ಣಿಮೆಯೂ ನಮ್ಮ ಶೀಗಿ ಹುಣ್ಣಿಮೆಯೂ ಒಂದೇ ಆಗುತ್ತವೆ. 2025ರಲ್ಲಿ ಹಾಗೆಯೇ ಆಯಿತು. ಇದನ್ನು ಹೇಳಲು ಹೋದಾಗ ಕಾಕಾ, “ನಮ್ಮ ಅಣ್ಣನ ಮಗನ ಹೊಲಕ್ಕ ನಡೀರಿ ಮಾಸ್ತರ, ತಿಕೋಟಾ ದಾರ್‍ಯಾಗ,” ಎಂದರು. ಸೂತಕದ ಮನೆಯವರೆಂದು ನಾನು ಅನುಮಾನಿಸಿದೆ. “ಚರಗ ಚೆಲ್ಲೂದು ಹಬ್ಬ ಅಲ್ಲರಿ. ಬಸುರಾದ ಭೂಮಿತಾಯಿಗಿ ಉಣಸೂದು. ಅಕಿಗಿ ಉಣಸಾಕ ಯಾವ ಸೂತಕ?” ಎಂದು ಬಾಯಿ ಮುಚ್ಚಿಸಿದರು. ಅಂದು ವಾಲ್ಮೀಕಿ ಜಯಂತಿಯ ರಜೆಯೂ ಇತ್ತು.

ನನ್ನ ಹೆಂಡತಿ ಹಬ್ಬದ ಅಡುಗೆ ಮಾಡಲಿಲ್ಲ. ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಕಟ್ಟಿದಳು. ಸೆಪ್ಟೆಂಬರದಲ್ಲಿ ಮಳೆ ಅತಿಯಾಗಿ ಭೀಮೆಯ ದಂಡೆಯ ಹೊಲಗಳು ಮುಳುಗಿದ್ದ ವರ್ಷವದು. ಇಲ್ಲಿಯೂ ಎರೆಯ ನೆಲ ಇನ್ನೂ ಕಾಲಿಗೆ ಅಂಟುತ್ತಿತ್ತು. ಹಿಂಗಾರಿ ಜೋಳದ ಬಿತ್ತಿಗೆ ತಡವಾಗಿದೆಯೆಂದು ಹೊಲದವರಿಗೆ ಕಳವಳ. ಪಕ್ಕದ ದ್ರಾಕ್ಷಿ ತೋಟದಲ್ಲಿ ಚಾಟಣಿ ನಡೆದಿತ್ತು. ತೊಗರಿಯ ಸಾಲುಗಳ ಕೊನೆಗೆ ಕಾವಲಿಗಾಗಿ ಜೋಳದ ಕಣಿಕೆಯಿಂದ ಕಟ್ಟಿದ ಗುಡಿಸಲು. ನಾವೆಲ್ಲ ಅದರಲ್ಲಿ ಕುಳಿತೆವು. ಕಣಿಕೆಯ ಸಂದಿನಿಂದ ಬಿಸಿಲಿನ ಚೂರುಗಳು ಮಗಳ ತಾಟಿನ ಮೇಲೆ ಬಿದ್ದಿದ್ದವು. ನಾನು ಮೇಲೆ ನೋಡಿ, ಬಿಸಿಲಿಗಿಂತ ನೆರಳು ಹೆಚ್ಚಿದೆಯೆಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ.

ಚರಗ ಚೆಲ್ಲುವ ಬುಟ್ಟಿಯನ್ನು ಮಗಳ ಕೈಗೆ ಕೊಟ್ಟರು. ಅವಳು ಹೊಲದ ನಾಲ್ಕು ಮೂಲೆಗೂ ಓಡಿದಳು. ತಿರುಗಿ ಬಂದವಳು ತನ್ನ ತಾಟಿನಿಂದ ಒಂದು ತುತ್ತು ಮೊಸರನ್ನವನ್ನು ತೆಗೆದು, ಗುಡಿಸಲಿನ ಹೊರಗೆ ಒಂದು ಎಲೆಯ ಮೇಲೆ ಇಟ್ಟಳು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಊಟದ ನಡುವೆ ಕಾಕಾನ ಮನೆಯಾಕೆ ನಮ್ಮನ್ನು ಕೇಳದೆಯೇ ನಮ್ಮ ತಾಟುಗಳಿಗೆ ಒಂದೊಂದು ಶೇಂಗಾ ಹೋಳಿಗೆಯನ್ನು ಹಾಕಿದರು. ನಾನು ಹೆಂಡತಿಯ ಮುಖವನ್ನು ನೋಡಿದೆ. ಅವಳು ನನ್ನ ಮುಖವನ್ನು. ಮಗಳು ಆಗಲೇ ಅರ್ಧ ತಿಂದಾಗಿತ್ತು. ಕಾಕಾನ ಮನೆಯಾಕೆ, “ಹ್ಯಾಂಗಾಗ್ಯದವ್ವಾ?” ಎಂದು ಕೇಳಿದರು.

“ಚಂದ ಆಗ್ಯಾವ. ಆದರ ಆಯಿ ಮಾಡಿದ್ದು ಹಿಂಗ ಮೆತ್ತಗ ಇರತಿರಲಿಲ್ಲ. ಆಕೀ ಹೋಳಿಗಿ ಕಲ್ಲ ಆಗಿರತಿದ್ದೂ,” ಎಂದಳು ಮಗಳು.

ಅದು ನಿಜ. ಅವ್ವನ ಶೇಂಗಾ ಹೋಳಿಗೆಯ ಬಿರುಸು ನಮ್ಮ ನೆಂಟರಲ್ಲೆಲ್ಲ ಪ್ರಸಿದ್ಧವಾಗಿತ್ತು; ಅದನ್ನು ಅವಳ ಎದುರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ನಾನು. ಜ್ಯೇಷ್ಠದಿಂದೀಚೆಗೆ ಅವ್ವನ ಹೆಸರೆತ್ತಿ ನಮ್ಮ ಮನೆಯವರು ನಕ್ಕದ್ದು ಅದೇ ಮೊದಲು.